ಬೊಬ್ಬೆ ನಿಲ್ಲಿಸಿದ ಕೋಚ್

ಮೊನ್ನೆ ಬೆಳಿಗ್ಗೆ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ಸುದ್ದಿಗಳು ಒಂದರ ಬೆನ್ನಿಗೆ ಒಂದು ಬಂದವು. ಮೊದಲನೆಯದು, ಕುವೈತಿನ ನಮ್ಮ ಫುಟ್ಬಾಲ್ ತಂಡದ ಹಳೆಯ ಕೋಚ್ ಊರಿನಲ್ಲಿ ತೀರಿಕೊಂಡರು ಎಂಬುದು. ಎರಡನೆಯದು, ಈ ವರ್ಷಕ್ಕೆ ಹೊಸ ಕೋಚ್ ಒಪ್ಪಿಕೊಂಡಿದ್ದಾರೆ ಎಂಬುದು. ಜೊತೆಗೆ ಅವರದೊಂದು ಫೋಟೋ. ಮೊದಲ ಸುದ್ದಿಯ ಕೆಳಗೆ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ಎರಡನೆಯದರ ಕೆಳಗೆ, ಕೈ ಮುಗಿದವರೇ, "ಈ ಸಲ ನೋಡಿ!" ಎಂದು ಬರೆದರು. ನಾನೂ ಬರೆದೆ. ಹೊಸ ಕೋಚಿನ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ, ಈ ಮನುಷ್ಯನ ದವಡೆ ಗಟ್ಟಿಯಾಗಿದೆ, ಇಂಥವರು ಸೋಲುವುದಿಲ್ಲ ಎಂದು ತೀರ್ಮಾನವನ್ನೂ ಮಾಡಿದೆ. ಆಮೇಲೆ ನಾಚಿಕೆಯಾಯಿತು. ತೀರಿಕೊಂಡವರ ಬಗ್ಗೆ ನಾನಿನ್ನೂ ಒಂದಕ್ಷರ ಬರೆದಿರಲಿಲ್ಲ.

ಬರೆಯದಿದ್ದುದಕ್ಕೆ ಕಾರಣ ಇತ್ತು. ಅವರು ಒಂದು ಸಾಲಿನಲ್ಲಿ ಮುಗಿಯುವ ಮನುಷ್ಯ ಅಲ್ಲ. ಅಲ್ಲದೆ ನಮ್ಮ ಬಾಯಿ ಮುಚ್ಚಿಸಿದವರೇ ಅವರು. ಅವರ ವಿಷಯದಲ್ಲಿ ಬಾಯಿ ಬಿಡಬೇಕಾದರೆ ಈಗಲೂ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ನಾನು ಮಂಡ್ಯ ಕಡೆಯವನು. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ವರ್ಗವಾದ್ದರಿಂದ ಕಾಲೇಜು ಓದಿದ್ದು ಮಂಗಳೂರಿನಲ್ಲಿ. ಆ ಕಾಲೇಜಿನ ಫುಟ್ಬಾಲ್ ತಂಡಕ್ಕೆ ನಾನು ಒಂದು ದಿನವೂ ಆಡಿದವನಲ್ಲ. ಚೆಂಡು ನನ್ನ ಕಡೆ ಬಂದರೆ ಕಾಲು ಎತ್ತುವ ಮೊದಲು ಕಣ್ಣು ಮುಚ್ಚುತ್ತೇನೆ. ಆದರೆ ಕುವೈತಿಗೆ ಬಂದು ಶರ್ಕ್‌ನ ವಿಮಾ ಕಂಪನಿಯೊಂದರಲ್ಲಿ ಕುರ್ಚಿ ಹಿಡಿದ ಮೇಲೆ, ಹುಟ್ಟಿದ್ದೇ ಫುಟ್ಬಾಲಿಗೆ ಎನ್ನುವ ಹಾಗೆ ವರ್ತಿಸತೊಡಗಿದೆ. ನಮ್ಮ ಕಾಲೇಜಿನಲ್ಲಿ ಓದಿ ಇಲ್ಲಿಗೆ ಬಂದವರು ಸೇರಿ ಒಂದು ತಂಡ ಕಟ್ಟಿದ್ದರು. ಚಳಿಗಾಲದ ಶುಕ್ರವಾರಗಳಲ್ಲಿ ಅಬ್ಬಾಸಿಯಾದ ಅಂಚಿನ ಮಣ್ಣಿನ ಮೈದಾನದಲ್ಲಿ ಭಾರತೀಯರ ಲೀಗ್ ನಡೆಯುತ್ತಿತ್ತು. ಗೋವಾದವರು ಆಡಲು ಬರುತ್ತಿದ್ದರು, ಕೇರಳದವರು ಗೆಲ್ಲಲು ಬರುತ್ತಿದ್ದರು, ನಾವು ಬಿರಿಯಾನಿ ಕಟ್ಟಿಕೊಂಡು ಬರುತ್ತಿದ್ದೆವು.

ವರ್ಷ ವರ್ಷವೂ ನಮ್ಮದು ಒಂದೇ ಕತೆ. ಏಪ್ರಿಲ್‌ನಲ್ಲಿ ಸೋತು ಸುಣ್ಣವಾಗಿ ಕೋಚ್ ಕೈ ಎತ್ತುತ್ತಿದ್ದರು. ಬೇಸಿಗೆಯ ಬಿಸಿಲಿಗೆ ಸೋಲೆಲ್ಲ ಮರೆತುಹೋಗುತ್ತಿತ್ತು. ಸಂಜೆಗಳು ಒಂಚೂರು ತಣ್ಣಗಾದವೋ ಇಲ್ಲವೋ, ಹೊಸ ಕೋಚ್ ಬರುತ್ತಿದ್ದರು, ನಮಗೆ ಹೊಸ ಜೀವ ಬರುತ್ತಿತ್ತು. ಒಬ್ಬರು ಉದ್ದಕ್ಕಿದ್ದಾರೆ, ತಲೆಯಲ್ಲಿ ಹೊಡೆಯುವುದು ಕಲಿಸುತ್ತಾರೆ ಎಂದುಕೊಂಡೆವು. ಇನ್ನೊಬ್ಬರು ಗಿಡ್ಡಕ್ಕಿದ್ದಾರೆ, ಓಡುವುದು ಕಲಿಸುತ್ತಾರೆ ಎಂದುಕೊಂಡೆವು. ಮತ್ತೊಬ್ಬರು ಸೀಸನ್ನಿನ ನಡುವೆಯೇ ಕೆಲಸ ಬಿಟ್ಟು ಕೆನಡಾಕ್ಕೆ ಹೋದಾಗ, ಕೆನಡಾದವರೇ ಕರೆಸಿಕೊಂಡಿದ್ದಾರೆ ಎಂದರೆ ಎಂಥ ಕೋಚ್ ಇರಬೇಕು ನೋಡಿ ಎಂದು ಹೆಮ್ಮೆಪಟ್ಟೆವು. ನನ್ನ ಹೆಂಡತಿ ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. "ರೀ, ನಮ್ಮ ಕ್ಲಾಸಲ್ಲೂ ನಿಮ್ಮಂಥೋರು ಇದಾರೆ. ಪ್ರತಿ ಪರೀಕ್ಷೆಗೂ ಹೊಸ ಪೆನ್ನು ತಗೋತಾರೆ" ಎಂದಳು ಒಮ್ಮೆ. ಹೊಸ ಪೆನ್ನಿನ ಮೇಲೆ ನನಗೆ ನಂಬಿಕೆ ಇತ್ತು.

ಗಡಿಯಾಚೆ ಯುದ್ಧ ನಡೆದ ಮರುವರ್ಷ ವಿಷಯ ಗಂಭೀರವಾಯಿತು. ಮೈದಾನ ಸಿಗುವ ಹೊತ್ತು ಕಡಿಮೆಯಾಗಿದೆ, ಆದ್ದರಿಂದ ಈ ಸಲ ಕೊನೆಯ ಸ್ಥಾನದಲ್ಲಿ ಉಳಿದ ತಂಡವನ್ನು ಕೈಬಿಡುತ್ತೇವೆ ಎಂದು ಲೀಗ್ ನಡೆಸುವವರು ಹೇಳಿದರು. ಕೊನೆಯ ಸ್ಥಾನ ಎಂದರೆ ನಮ್ಮ ಸ್ವಂತ ಮನೆ ಇದ್ದ ಹಾಗೆ. ಅಲ್ಲಿಂದ ಎದ್ದು ಬೇರೆಲ್ಲಿಗಾದರೂ ಹೋಗಬೇಕೆಂದು ನಮಗೆ ಎಂದೂ ಅನಿಸಿರಲಿಲ್ಲ. ಆದರೆ ತಂಡ ಹೋದರೆ ಶುಕ್ರವಾರ ಹೋಗುತ್ತದೆ. ಆರು ದಿನ ಯಾರದೋ ಕೆಲಸ ಮಾಡಿ, ಇಕಾಮಾ, ಎಂದರೆ ಇಲ್ಲಿರುವ ಪರವಾನಗಿ, ನವೀಕರಣವಾಯಿತೋ ಇಲ್ಲವೋ ಎಂದು ನೋಡಿಕೊಂಡು, ಏಳನೇ ದಿನ ಒಂದು ಮೈದಾನದ ಪಕ್ಕ ನಿಂತು "ನಮ್ಮವರು" ಎಂದು ಕೂಗುವ ಅವಕಾಶ ಅದೊಂದೇ. ಅದಕ್ಕೇ ಆ ವರ್ಷ ಹೊಸ ಕೋಚಿಗಾಗಿ ನಾವು ಹಿಂದೆಂದೂ ಇಲ್ಲದಷ್ಟು ಹುಡುಕಿದೆವು.

ಹುಡುಕಿದ್ದು ಫೆಲಿಕ್ಸ್. ಅವನು ನನ್ನ ಸಹಪಾಠಿ, ಶರ್ಕ್‌ನಲ್ಲೇ ಬ್ಯಾಂಕಿನಲ್ಲಿದ್ದಾನೆ, ನಮ್ಮ ಸಂಘದ ಕಾರ್ಯದರ್ಶಿ. ಒಂದು ಮಧ್ಯಾಹ್ನ ಫೋನ್ ಮಾಡಿ, "ಮಂಗಫಲ್ಲಿ ಒಬ್ಬರು ಇದ್ದಾರೆ ಮಾರಾಯ. ನಮ್ಮ ಕಾಲೇಜೇ. ನಮಗಿಂತ ಸುಮಾರು ಸೀನಿಯರ್. ರಿಫೈನರಿಯಲ್ಲಿ ಸೇಫ್ಟಿಯಲ್ಲಿರೂದು. ಆ ಕಾಲದಲ್ಲಿ ಯೂನಿವರ್ಸಿಟಿ ಕ್ಯಾಂಪಿಗೆ ಹೋಗಿದ್ದಾರಂತೆ" ಎಂದ. ಆ ಮಾತನ್ನು ನಾನು ಅಬ್ಬಾಸಿಯಾದಲ್ಲಿ ಬಕಾಲಾ, ಎಂದರೆ ಕಿರಾಣಿ ಅಂಗಡಿ ಇಟ್ಟಿರುವ ಹಮೀದನಿಗೆ ಹೇಳುವಾಗ, ಅವರು ಯೂನಿವರ್ಸಿಟಿಗೆ ಆಡಿದ್ದಾರೆ ಎಂದೆ. ಹಮೀದ್ ತನ್ನ ಗಿರಾಕಿಗಳಿಗೆ ಹೇಳುವಾಗ ರಾಜ್ಯಕ್ಕೆ ಆಡಿದ್ದಾರೆ ಎಂದ. ವಾರ ಕಳೆಯುವುದರೊಳಗೆ ಅದೇ ಸುದ್ದಿ ಸಾಲ್ಮಿಯಾ ಸುತ್ತಿಕೊಂಡು ನನ್ನ ಕಿವಿಗೇ ವಾಪಸ್ ಬಂತು: ಭಾರತ ತಂಡದ ಕರೆ ಬಂದಿತ್ತಂತೆ, ಮನೆಯಲ್ಲಿ ಬಿಡಲಿಲ್ಲವಂತೆ. ಹೊರಡಿಸಿದವನೇ ನಾನಾಗಿದ್ದರೂ, ಕೇಳಿ ರೋಮಾಂಚನವಾಯಿತು.

ಫೆಲಿಕ್ಸ್‌ನ ಮನೆಯಲ್ಲಿ ಮೊದಲ ಸಲ ಅವರನ್ನು ನೋಡಿದೆವು. ಬೋಳು ತಲೆ, ಕಂಪನಿಯ ನೀಲಿ ಜಾಕೆಟ್, ಮಡಿಚಿ ಮಡಿಚಿ ಬಿಳುಚಿಕೊಂಡ ಕಾಲರ್, ಜೇಬಿನಲ್ಲಿ ದಾರ ಕಟ್ಟಿದ ಸೀಟಿ. ಕೂರುವ ಮೊದಲು ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡರು. ಹಾಲಿಲ್ಲದ ಸುಲೈಮಾನಿ ಚಹಾದ ಲೋಟವನ್ನು ಮೇಜಿನ ಅಂಚಿನಿಂದ ಒಂದು ಗೇಣು ಒಳಗೆ ತಳ್ಳಿ ಇಟ್ಟು, ನಮ್ಮೆಲ್ಲರ ಲೋಟಗಳನ್ನೂ ಹಾಗೆಯೇ ಒಳಗೆ ತಳ್ಳಿದರು. ನಾವು ಪರಸ್ಪರ ಮುಖ ನೋಡಿಕೊಂಡೆವು. ಎಂಥ ಶಿಸ್ತು!

"ನೋಡಿ, ಮೊದಲೇ ಹೇಳ್ತೇನೆ" ಎಂದರು. "ಯೂನಿವರ್ಸಿಟಿ ಕ್ಯಾಂಪಿಗೆ ಹೋದದ್ದು ಹೌದು. ಮರುದಿನ ಕಾಲು ಉಳುಕಿತು. ಬಸ್ ಹತ್ತಿ ಮನೆಗೆ ಬಂದೆ. ಮತ್ತೆ ಆಡ್ಲಿಲ್ಲ. ಕೋಚಿಂಗ್ ಎಲ್ಲ ನನಗೆ ಗೊತ್ತಿಲ್ಲ."

ನಾವು ಚಪ್ಪಾಳೆ ತಟ್ಟಿದೆವು. ಹಮೀದ್ ನನ್ನ ಕಿವಿಯಲ್ಲಿ, "ದೊಡ್ಡವರು ಹೀಗೇ ಅಲ್ವಾ ಮಾತಾಡೂದು" ಎಂದ. ಅವರು ಹೇಳಿದ್ದು ಅಕ್ಷರಶಃ ನಿಜ ಎಂಬುದು ಗೊತ್ತಾಗಲು ನಮಗೆ ಇಡೀ ಸೀಸನ್ ಬೇಕಾಯಿತು. ಅವರು ಎಂದೂ ಸುಳ್ಳು ಹೇಳಲಿಲ್ಲ. ನಂಬದೆ ಇದ್ದವರು ನಾವು.

ಅವರ ಪ್ರತಿಯೊಂದು ನಡೆಯಲ್ಲೂ ನಮಗೆ ಗೆಲುವಿನ ಗುಟ್ಟು ಕಾಣುತ್ತಿತ್ತು. ಕಾರನ್ನು ಅವರು ಯಾವಾಗಲೂ ಹಿಂದಕ್ಕೆ ತೆಗೆದೇ ನಿಲ್ಲಿಸುತ್ತಿದ್ದರು, ಮೂತಿ ರಸ್ತೆಯ ಕಡೆಗೆ. ಏನಾದರೂ ಹೆಚ್ಚುಕಡಿಮೆಯಾದರೆ ತಿರುಗಿಸುತ್ತಾ ಕೂರಬಾರದು ಎಂಬುದು ರಿಫೈನರಿಯ ನಿಯಮ. ನಾವು ಅದನ್ನು ಮುಂದಾಲೋಚನೆ ಎಂದು ಕರೆದು, ಎಲ್ಲರೂ ಕಾರುಗಳನ್ನು ಹಾಗೆಯೇ ನಿಲ್ಲಿಸತೊಡಗಿದೆವು. ಆ ಪ್ರಯತ್ನದಲ್ಲಿ ನಾನು ಹಮೀದನ ಪಿಕಪ್ಪಿನ ದೀಪ ಒಡೆದೆ. ಪಂದ್ಯಕ್ಕೆ ಮೊದಲು ಅವರು ಮಂಡಿಯೂರಿ ಪ್ರತಿಯೊಬ್ಬ ಆಟಗಾರನ ಶೂ ಲೇಸ್ ಎಳೆದು ನೋಡುತ್ತಿದ್ದರು. ಆಮೇಲೆ ನಮ್ಮ ಹತ್ತಿರ ಬಂದು ನಮ್ಮದನ್ನೂ ನೋಡುತ್ತಿದ್ದರು. "ಬಿದ್ರೆ ಪೆಟ್ಟಾಗೂದು ಪ್ಲೇಯರಿಗೆ ಮಾತ್ರವಾ?" ಎನ್ನುತ್ತಿದ್ದರು. ಐವತ್ತೆಂಟು ದಾಟಿದ ಮನುಷ್ಯ ನಮ್ಮ ಕಾಲ ಬುಡದಲ್ಲಿ ಕೂತದ್ದು ನೋಡಿ ನನಗೆ ಮುಜುಗರವಾಗುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಪರದೇಶದಲ್ಲಿ ನನ್ನ ಶೂ ಲೇಸಿನ ಬಗ್ಗೆ ಬೇರೆ ಯಾರೂ ಚಿಂತಿಸಿರಲಿಲ್ಲ.

ಮೊದಲ ಪಂದ್ಯದಲ್ಲಿ ಅವರು ಆಟ ನೋಡಲೇ ಇಲ್ಲ. ಮೈದಾನಕ್ಕೆ ಬೆನ್ನು ಹಾಕಿ, ಕುರ್ಚಿಗಳ ಸಾಲಿನಲ್ಲಿದ್ದ ನಮ್ಮನ್ನು ನೋಡುತ್ತಾ ನಿಂತರು. ಇದೇನೋ ಹೊಸ ತಂತ್ರ ಎಂದು ನಮಗೆ ಇನ್ನಷ್ಟು ಹುರುಪು ಬಂತು. ಎಂದಿನಂತೆ ಬೊಬ್ಬೆ ಹೊಡೆದೆವು, ಎಂದಿನಂತೆ ಸೋತೆವು. ಪಂದ್ಯ ಮುಗಿದ ಮೇಲೆ ಅವರು ನಮ್ಮ ಹತ್ತಿರ ಬಂದರು.

"ಹುಡುಗರು ತೊಂದರೆ ಇಲ್ಲ" ಎಂದರು. "ಪ್ರಾಬ್ಲೆಮ್ ಇರೂದು ಇಲ್ಲಿ." ತೋರಿಸಿದ್ದು ನಮ್ಮ ಕುರ್ಚಿಗಳನ್ನು.

ಆ ದಿನ ಅವರು ಕಂಡದ್ದನ್ನು ಹೇಳಬೇಕು. ನಮ್ಮ ತಂಡದ ಡಿಫೆಂಡರ್ ಪ್ರವೀಣ, ಒಳ್ಳೆಯ ಆಳು, ಎಮ್ಮೆಯ ಹಾಗೆ ಅಡ್ಡ ನಿಂತರೆ ಅಲ್ಲಾಡುವವನಲ್ಲ. ಅವನ ಕಾಲಿಗೆ ಚೆಂಡು ಬಂದ ಕೂಡಲೇ ಫೆಲಿಕ್ಸ್ ಕೊಂಕಣಿಯಲ್ಲಿ ಎಡಕ್ಕೆ ಕೊಡು ಎಂದು ಕೂಗುತ್ತಿದ್ದ. ಹಮೀದ್ ಬ್ಯಾರಿಯಲ್ಲಿ ಬಲಕ್ಕೆ ಓಡು ಎನ್ನುತ್ತಿದ್ದ. ಹಿಂದಿನ ಸಾಲಿನವರು ತುಳುವಿನಲ್ಲಿ ನೇರ ಹೊಡೆ ಎಂದು ಎದೆ ಬಡಿದುಕೊಳ್ಳುತ್ತಿದ್ದರು. ನಾನು ಇವರೆಲ್ಲರಿಗಿಂತ ಜೋರಾಗಿ, ಶುದ್ಧ ಮಂಡ್ಯದ ಕನ್ನಡದಲ್ಲಿ, "ಹಿಂದಕ್ಕೆ ಕೊಡ್ಲಾ!" ಎಂದು ಕಿರುಚುತ್ತಿದ್ದೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ಪ್ರವೀಣನಿಗೆ ಈ ನಾಲ್ಕೂ ಭಾಷೆ ಅರ್ಥವಾಗುತ್ತಿತ್ತು. ಅದೇ ಅವನ ದುರದೃಷ್ಟ. ಹಿರಿಯರ ಮಾತು ಮೀರುವ ಹುಡುಗನಲ್ಲ ಅವನು. ನಾಲ್ಕು ಕಡೆಗೂ ತಿರುಗಿ ನೋಡುವಷ್ಟರಲ್ಲಿ ಎದುರಾಳಿ ಚೆಂಡು ತೆಗೆದುಕೊಂಡು ಹೋಗುತ್ತಿದ್ದ.

ಮುಂದಿನ ಶುಕ್ರವಾರ ಅಭ್ಯಾಸಕ್ಕೆ ಬನ್ನಿ ಎಂದು ಕೋಚ್ ಕರೆದದ್ದು ನಮ್ಮನ್ನು. ಆಟಗಾರರಿಗೆ ಮೈದಾನದ ಸುತ್ತ ಓಡಲು ಹೇಳಿ, ಕಾರಿನ ಡಿಕ್ಕಿಯಿಂದ ರಸ್ತೆಗೆ ಅಡ್ಡ ಇಡುವ ಕಿತ್ತಳೆ ಬಣ್ಣದ ಕೋನ್ ಒಂದನ್ನು ತೆಗೆದು ಗೆರೆಯ ಹೊರಗೆ ನೆಟ್ಟರು.

"ಪ್ಲಾಂಟಲ್ಲಿ ಗ್ಯಾಸ್ ಲೀಕ್ ಆದ್ರೆ ಎಂತ ಮಾಡೂದು ಗೊತ್ತುಂಟಾ? ಮಾತಾಡೂದು ಒಬ್ಬನೇ. ಉಳಿದವರು ಬಾಯಿ ಮುಚ್ಚಿ ಅಸೆಂಬ್ಲಿ ಪಾಯಿಂಟಿಗೆ ಬಂದು ನಿಲ್ಲೂದು. ಎಲ್ಲರೂ ಬೊಬ್ಬೆ ಹಾಕಿದ್ರೆ ಒಬ್ಬನೂ ಹೊರಗೆ ಬರೂದಿಲ್ಲ. ಇದು ನಿಮ್ಮ ಅಸೆಂಬ್ಲಿ ಪಾಯಿಂಟ್. ಮ್ಯಾಚ್ ಮುಗಿಯುವವರೆಗೆ ಇಲ್ಲೇ. ಬಾಯಿ ಬಂದ್."

ಸೀಟಿ ಊದಿದರು. ನಾವು, ಬ್ಯಾಂಕಿನವರು, ವಿಮೆಯವರು, ಬಕಾಲಾದವರು, ಹೊಟ್ಟೆ ಹೊತ್ತುಕೊಂಡು ಓಡಿ ಬಂದು ಕೋನಿನ ಹಿಂದೆ ಸಾಲಾಗಿ ನಿಂತೆವು. ಮತ್ತೆ ಊದಿದರು, ಚದುರಿದೆವು. ಮತ್ತೆ ಊದಿದರು, ಬಂದೆವು. ಬಾಯಿ ಮುಚ್ಚಿದ್ದರೂ ನನ್ನ ಕೈಗಳು ತಾವಾಗಿ ಎದ್ದು ಪ್ರವೀಣನಿಗೆ ಹಿಂದಕ್ಕೆ ಕೊಡು ಎಂದು ಸನ್ನೆ ಮಾಡುತ್ತಿದ್ದವು. ಅವರು ಅದನ್ನೂ ಕಂಡುಹಿಡಿದರು. "ಮಂಡ್ಯ, ಕೈ ಹಿಂದೆ!" ಎಂದರು. ಅಂದಿನಿಂದ ಎಲ್ಲರದೂ ಕೈ ಹಿಂದೆ. ನನ್ನ ಹೆಸರೂ ಮಂಡ್ಯ ಎಂದೇ ಉಳಿಯಿತು.

ಇಷ್ಟಕ್ಕೂ ನಮ್ಮ ಉತ್ಸಾಹ ಕುಗ್ಗಲಿಲ್ಲ. ನಮ್ಮ ಬಾಯಿಗೇ ಬೀಗ ಹಾಕಿದ ಮನುಷ್ಯನನ್ನು ನಾವು ಮೊದಲಿಗಿಂತ ಹೆಚ್ಚು ಹೊಗಳಿದೆವು. "ವಿದೇಶದಲ್ಲಿ ಇದೇ ಪದ್ಧತಿಯಂತೆ" ಎಂದು ಫೆಲಿಕ್ಸ್ ಎಲ್ಲಿಂದಲೋ ಸುದ್ದಿ ತಂದ. ನಾವು ಆಗಲೇ ವಿದೇಶದಲ್ಲಿದ್ದೇವೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಆಶ್ಚರ್ಯ ಏನೆಂದರೆ, ತಂಡ ಸುಧಾರಿಸಿತು. ಕೂಗು ನಿಂತ ಮೇಲೆ ಪ್ರವೀಣ ತನಗೆ ತೋಚಿದ್ದನ್ನು ಮಾಡತೊಡಗಿದ. ಪಾಪ, ತನಗೂ ಏನಾದರೂ ತೋಚುತ್ತದೆ ಎಂಬುದೇ ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಮೊದಲು ಕಡಿಮೆ ಗೋಲಿನಲ್ಲಿ ಸೋತೆವು. ಗೋವಾದ ತಂಡವೊಂದರ ಎದುರು ಒಂದೇ ಗೋಲಿನಿಂದ ಸೋತ ದಿನ, ಕಪ್ ಗೆದ್ದವರ ಹಾಗೆ ಕಾರಿನ ಹಾರ್ನ್ ಬಾರಿಸಿಕೊಂಡು ಅಬ್ಬಾಸಿಯಾದ ಬೀದಿಯಲ್ಲಿ ಸುತ್ತಿದೆವು. ಕೇಳಿದವರಿಗೆ ಸೋತಿದ್ದೇವೆ ಎಂದರೆ ಅವರು ನಂಬಲಿಲ್ಲ. ಆಮೇಲೆ ಒಂದು ಡ್ರಾ ಆಯಿತು. ಹೊಸ ವರ್ಷ ಕಳೆದ ಮೇಲೆ ಒಂದು ಪಂದ್ಯ ಗೆದ್ದೇಬಿಟ್ಟೆವು. ಆ ದಿನ ನಾನು ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ಅತ್ತಿದ್ದೇನೆ.

ನಾನು ಮನೆಯಲ್ಲೂ ಅಭ್ಯಾಸ ಮಾಡುತ್ತಿದ್ದೆ. ಟಿವಿಯಲ್ಲಿ ಕ್ರಿಕೆಟ್ ಬಂದಾಗ ಸೋಫಾದ ಹಿಂದೆ ಕೈ ಕಟ್ಟಿ ಮೌನವಾಗಿ ನಿಲ್ಲುತ್ತಿದ್ದೆ. ಮಗಳು ನೋಡಿ, "ಅಮ್ಮಾ, ಇಸ್ ಅಪ್ಪ ಓಕೆ?" ಎಂದು ಕೇಳಿದಳು. ಹೆಂಡತಿಗೆ ಮಾತ್ರ ಪರಮಾನಂದ. "ಯಾರ್ರೀ ಅದು ನಿಮ್ಮ ಕೋಚು? ಒಂದಿನ ಊಟಕ್ಕೆ ಕರೀರಿ. ನನ್ನ ಕೈಲಿ ಇಷ್ಟು ವರ್ಷ ಆಗ್ದೇ ಇದ್ದಿದ್ದನ್ನ ಮಾಡಿದಾರೆ ಪುಣ್ಯಾತ್ಮ" ಎಂದಳು.

ಅವರು ಬಂದರು. ಹೆಂಡತಿ ಅಭಿಮಾನದಿಂದ ರಾಗಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಕರಾವಳಿಯ ಮನುಷ್ಯ ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದಷ್ಟೂ ಅದು ಹಲ್ಲಿಗೆ ಅಂಟುತ್ತಾ ಹೋಯಿತು. "ಅಗೀಬಾರ್ದು ಕೋಚ್, ನುಂಗ್ಬೇಕು" ಎಂದೆ. ಬಾಯಿ ತುಂಬ ಇದ್ದುದರಿಂದ ಅವರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಕೊನೆಗೆ ನೀರು ಕುಡಿದು, "ಸೇಫ್ಟಿ ಇನ್‌ಸ್ಟ್ರಕ್ಷನ್ ಮೊದಲೇ ಕೊಡ್ಬೇಕು ಮಾರಾಯ್ರೆ" ಎಂದರು. ಎರಡನೇ ತುತ್ತನ್ನು ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು. ಹೆಂಡತಿ ಚಪ್ಪಾಳೆ ತಟ್ಟಿದಳು. ಅವರು ಮುದ್ದೆ ಪೂರ್ತಿ ಮುಗಿಸಿದರು.

ಆ ದಿನ ಊಟವಾದ ಮೇಲೆ ಅವರು ತಮ್ಮ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು, ಅದೊಂದೇ ಸಲ. ನಾನೇ ಕೇಳಿದೆ: "ಕೋಚಿಂಗ್ ಗೊತ್ತಿಲ್ಲ ಅಂದ್ರಿ. ಆಮೇಲೆ ಯಾಕೆ ಒಪ್ಕೊಂಡ್ರಿ?"

ಅವರು ಕಿಟಕಿಯ ಹೊರಗೆ ನೋಡಿದರು. "ಮಂಗಫಲ್ಲಿ ಶುಕ್ರವಾರ ಅಂದ್ರೆ ಎಂತ ಗೊತ್ತುಂಟಾ ಮಂಡ್ಯ? ಬೆಳಿಗ್ಗೆ ಬಟ್ಟೆ ಒಗೆಯೂದು. ಬಾಲ್ಕನಿಯಲ್ಲಿ ಒಣಗ್ಲಿಕ್ಕೆ ಹಾಕೂದು. ಮತ್ತೆ ಅದು ಒಣಗೂದನ್ನು ನೋಡೂದು. ಇಲ್ಲಿಯ ಬಿಸಿಲಿಗೆ ಅದೂ ಬೇಗ ಒಣಗ್ತದೆ. ಮತ್ತೆ ಮಾಡ್ಲಿಕ್ಕೆ ಎಂತ ಉಂಟು?" ಹೆಂಡತಿ ಮಕ್ಕಳು ಊರಿನಲ್ಲೇ ಇದ್ದರು, ಕೋಚ್ ಮಾತ್ರ ಕಂಪನಿ ಬಸ್ಸು, ಪ್ಲಾಂಟು, ರೂಮು ಎಂದುಕೊಂಡು ಆಯಸ್ಸಿನ ಅರ್ಧ ಇಲ್ಲಿ ಕಳೆದಿದ್ದರು. "ಫೆಲಿಕ್ಸ್ ಫೋನ್ ಮಾಡಿದಾಗ ಸುಮಾರು ವರ್ಷದಲ್ಲಿ ಮೊದಲ ಸಲ ಯಾರೋ ಶುಕ್ರವಾರ ನೀವು ಬೇಕು ಅಂತ ಹೇಳಿದ್ದು. ಇಲ್ಲ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಆಮೇಲೆ ಹೇಳಿದರು: "ಮೇ ತಿಂಗಳಲ್ಲಿ ನಾನು ರಿಟೈರ್. ಇಕಾಮಾ ಕ್ಯಾನ್ಸಲ್, ಖಲಾಸ್. ಹೋಗೂದರೊಳಗೆ ಟೀಮ್ ಲೀಗಲ್ಲಿ ಉಳೀಬೇಕು. ನಾನು ಇದ್ದಾಗಲೇ ಹೋಯ್ತು ಅಂತ ಆಗ್ಬಾರ್ದು. ಅದೊಂದು ಆಸೆ."

"ಉಳಿದೇ ಉಳಿಯುತ್ತೆ ಕೋಚ್, ಬರೆದಿಟ್ಕೊಳ್ಳಿ" ಎಂದೆ. ನನ್ನ ಭವಿಷ್ಯವಾಣಿಗಳ ಚರಿತ್ರೆ ಗೊತ್ತಿದ್ದ ಹೆಂಡತಿ ಅಡುಗೆಮನೆಯಿಂದಲೇ ಕೆಮ್ಮಿದಳು.

ಲೆಕ್ಕ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಎದುರಿಗೆ ಕೇರಳದ ತಂಡ. ಗೆಲ್ಲಬೇಕಾಗಿಲ್ಲ, ಡ್ರಾ ಆದರೂ ಸಾಕು, ಕೊನೆಯ ಸ್ಥಾನ ತಪ್ಪುತ್ತದೆ. ಆ ಮಧ್ಯಾಹ್ನ ನಾನು ಮೈದಾನ ತಲುಪಿದಾಗ ಒಂದು ವಿಚಿತ್ರ ಕಂಡೆ. ಕೋಚಿನ ಕಾರು ಗೋಡೆಗೆ ಮೂತಿ ಹಚ್ಚಿ ನಿಂತಿತ್ತು. ಹಿಂದಕ್ಕೆ ತೆಗೆದು ನಿಲ್ಲಿಸುವುದನ್ನು ಅವರು ಮರೆತಿದ್ದರು. ನನ್ನ ಶೂ ಲೇಸ್ ನೋಡಲೂ ಬರಲಿಲ್ಲ. ನಾನೇ ಬಗ್ಗಿ ಬಿಗಿ ಮಾಡಿಕೊಂಡೆ.

ನಾವು ಕೋನಿನ ಹಿಂದೆ ನಿಂತೆವು, ಕೈ ಹಿಂದೆ, ಬಾಯಿ ಬಂದ್. ಧೂಳಿನ ಗಾಳಿ ಎದ್ದಿತ್ತು. ಮೊದಲರ್ಧ ಯಾರಿಗೂ ಗೋಲಿಲ್ಲ. ಎರಡನೆಯ ಅರ್ಧದಲ್ಲೂ ನಮ್ಮವರು ಗೋಡೆ ಕಟ್ಟಿ ನಿಂತರು. ಹಮೀದ್ ಉಸಿರು ಬಿಡುವುದನ್ನೇ ನಿಲ್ಲಿಸಿದ್ದ. ಫೆಲಿಕ್ಸ್ ಬೆನ್ನ ಹಿಂದೆ ಜಪಸರ ತಿರುಗಿಸುತ್ತಿದ್ದ. ರೆಫರಿ ಗಡಿಯಾರ ನೋಡಿಕೊಳ್ಳುವ ಹೊತ್ತಿಗೆ ಚೆಂಡು ಪ್ರವೀಣನ ಕಾಲಿಗೆ ಬಂತು. ಹತ್ತಿರ ಯಾರೂ ಇರಲಿಲ್ಲ. ಅವನು ಅದನ್ನು ಹೊರಗೆ ಕಳಿಸಿದ್ದರೂ ಸಾಕಿತ್ತು. ಅವನಿಗೂ ಅದೇ ತೋಚಿತ್ತು ಎಂದು ಕಾಣುತ್ತದೆ, ಕಾಲು ಎತ್ತಿಯೂ ಇದ್ದ.

ಆಗ ಬಂತು ಬೊಬ್ಬೆ. ಮೈದಾನದ ಆ ತುದಿಗೂ ಕೇಳುವಂಥ, ಕರ್ಕಶ, ಇಡೀ ವರ್ಷ ಒಳಗೆ ಅದುಮಿಟ್ಟ ಬೊಬ್ಬೆ. "ಹೊಡಿಯಾ ಪ್ರವೀಣಾ! ಹೊಡಿ!"

ಯಾರು ಎಂದು ನಾನು ಅಕ್ಕಪಕ್ಕ ನೋಡಿದೆ. ನನ್ನ ಬಾಯಿಯನ್ನೂ ಮುಟ್ಟಿ ನೋಡಿಕೊಂಡೆ. ನಾನಲ್ಲ. ಗೆರೆಯ ಮೇಲೆ, ಎರಡೂ ಕೈ ಆಕಾಶಕ್ಕೆ ಎತ್ತಿ, ತುದಿಗಾಲಲ್ಲಿ ನಿಂತಿದ್ದವರು ನಮ್ಮ ಕೋಚ್.

ತಿಂಗಳುಗಟ್ಟಲೆ ಆ ಕಡೆಯಿಂದ ಸದ್ದೇ ಕೇಳದಿದ್ದ ಪ್ರವೀಣ ಬೆಚ್ಚಿ ತಿರುಗಿ ನೋಡಿದ. ಅಷ್ಟರಲ್ಲಿ ಕೇರಳದ ಹುಡುಗ ಅವನ ಕಾಲಡಿಯಿಂದ ಚೆಂಡು ಎಳೆದುಕೊಂಡು ಹೋಗಿ ಗೋಲು ಹೊಡೆದ. ರೆಫರಿ ಕೊನೆಯ ಸೀಟಿ ಊದಿದ. ನಾವು ಲೀಗಿನಿಂದ ಹೊರಗೆ ಬಿದ್ದಿದ್ದೆವು.

ಕೋಚ್ ಕೈ ಇಳಿಸಿ ನಿಧಾನವಾಗಿ ನಮ್ಮ ಕಡೆ ತಿರುಗಿದರು. ಮುಖ ಬಿಳುಚಿಕೊಂಡಿತ್ತು. ನಮ್ಮೆದುರು ಬಂದು ನಿಂತು ಒಬ್ಬೊಬ್ಬರ ಮುಖ ನೋಡಿದರು. ನಾವು ಕೈ ಹಿಂದೆ ಕಟ್ಟಿ, ಬಾಯಿ ಮುಚ್ಚಿ, ಸಾಲಾಗಿ ನಿಂತೇ ಇದ್ದೆವು. ನಮಗೆ ಕಲಿಸಿದ್ದೇ ಅದು, ಮತ್ತು ಆ ವರ್ಷ ನಾವು ಸರಿಯಾಗಿ ಕಲಿತ ಪಾಠ ಅದೊಂದೇ. ದೇವರಾಣೆಗೂ ನನಗೆ ಅವರ ಮೇಲೆ ಕೋಪ ಬಂದಿರಲಿಲ್ಲ. ನನಗೆ ಬಂದದ್ದು ಪ್ರೀತಿ. ಇಷ್ಟು ದಿನ ಈ ಮನುಷ್ಯ ನಮ್ಮಂಥವರೇ ಆಗಿದ್ದು, ನಮಗಿಂತ ಹೆಚ್ಚು ನುಂಗಿಕೊಂಡಿದ್ದರಲ್ಲ ಎಂದು ಎದೆ ತುಂಬಿ ಬಂತು. ಅಪ್ಪಿಕೊಳ್ಳಬೇಕೆನಿಸಿತು. ಅದರ ಬದಲು ಬೆನ್ನ ಹಿಂದೆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಅವರು ತಲೆ ತಗ್ಗಿಸಿ ಕಾರಿನ ಕಡೆ ಹೋದರು. ಗೋಡೆಗೆ ಹಚ್ಚಿದ್ದ ಕಾರನ್ನು ಹಿಂದೆ ಮುಂದೆ ಮಾಡಿ ತಿರುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾವು ಸಾಲು ಬಿಡದೆ ಅದನ್ನೂ ನೋಡಿದೆವು.

ಆಮೇಲೆ ಅವರು ಫೋನ್ ಎತ್ತಲಿಲ್ಲ. "ಬೇಜಾರಲ್ಲಿರ್ಬೇಕು, ಸ್ವಲ್ಪ ದಿನ ಬಿಡುವ" ಎಂದ ಫೆಲಿಕ್ಸ್. ಬಿಟ್ಟೆವು. ಲೀಗಿನವರು ನಮ್ಮನ್ನು ಮತ್ತೆ ಸೇರಿಸಿಕೊಂಡದ್ದು ಕೆಲವು ವರ್ಷಗಳ ಮೇಲೆ, ಅಲ್ಲಿಯವರೆಗೆ ಆಟವಿಲ್ಲ. ಶುಕ್ರವಾರಗಳು ಬಂದವು, ನಾನು ಮನೆಯಲ್ಲಿ ಫ್ಯಾನ್ ಒರೆಸಿದೆ, ಮಗಳ ಪುಸ್ತಕಗಳಿಗೆ ರಟ್ಟು ಹಾಕಿದೆ. ಒಂದು ಶುಕ್ರವಾರ ಬಾಲ್ಕನಿಯಲ್ಲಿ ನಿಂತು ನನ್ನ ಅಂಗಿ ಒಣಗುವುದನ್ನು ನೋಡುತ್ತಿರುವುದು ನನಗೇ ಅರಿವಾಗಿ ಮಂಗಫಿನ ಆ ಬಾಲ್ಕನಿ ನೆನಪಾಯಿತು. ಅವರು ಹೊರಡುವ ದಿನ ಯಾವುದೆಂದು ಫೆಲಿಕ್ಸ್ ಅವರ ಕಂಪನಿಯವರಿಂದ ತಿಳಿದುಕೊಂಡ.

ಮಧ್ಯಾಹ್ನದ ವಿಮಾನ. ನಾವು ಹೇಳದೆ ಕೇಳದೆ ವಿಮಾನ ನಿಲ್ದಾಣಕ್ಕೆ ಹೋದೆವು. ಹಮೀದ್ ಉಡುಗೊರೆ ಎಂದು, ಅವತ್ತು ಮೈದಾನದಲ್ಲೇ ಉಳಿದುಹೋಗಿದ್ದ ಆ ಕಿತ್ತಳೆ ಕೋನನ್ನೇ ಬಕಾಲಾದ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಭಾರವಾಯಿತೆಂದು ಅದನ್ನು ನೆಲಕ್ಕಿಟ್ಟ. ಇಟ್ಟದ್ದೇ ತಡ, ಯಾರೂ ಹೇಳದೆ ನಾವೆಲ್ಲ ಅದರ ಹಿಂದೆ ಸಾಲಾಗಿ ನಿಂತುಬಿಟ್ಟೆವು. ಕೈ ಹಿಂದೆ. ಎಲ್ಲರಿಗಿಂತ ಕೊನೆಗೆ ಪ್ರವೀಣ ಬಂದು ಸೇರಿಕೊಂಡ.

ಹಗ್ಗ ಬಿಗಿದ ಪೆಟ್ಟಿಗೆಗಳ ಟ್ರಾಲಿ ತಳ್ಳಿಕೊಂಡು ಬಂದ ಕೋಚ್ ನಮ್ಮನ್ನು ಕಂಡು ನಿಂತರು. ಬೋಳು ತಲೆ ಒರೆಸಿಕೊಂಡರು. ಹತ್ತಿರ ಬಂದು ಒಬ್ಬೊಬ್ಬರ ಕೈಯನ್ನೂ ಬೆನ್ನ ಹಿಂದಿನಿಂದ ಎಳೆದು ಕುಲುಕಿದರು. ಅಭ್ಯಾಸಬಲದಿಂದ ನಮ್ಮ ಬಾಯಿ ಬಂದ್ ಆಗಿಯೇ ಇತ್ತು. ಕುಲುಕಿದ ಕೈ ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ಸಾಲು ಮುಗಿಸಿ ಅವರು ಟ್ರಾಲಿ ಹಿಡಿದು ಒಳಬಾಗಿಲಿನತ್ತ ಹೊರಟರು. ಅರ್ಧ ದಾರಿಗೆ ಹೋಗಿ, ಟ್ರಾಲಿ ಅಲ್ಲೇ ಬಿಟ್ಟು, ವಾಪಸ್ ಬಂದರು.

"ಅವತ್ತೂ ಹೀಗೇ ನಿಂತಿದ್ರಿ" ಎಂದರು. "ನಾನು ಮಾಡಿದ್ದು ತಪ್ಪು. ಒಪ್ತೇನೆ. ನಿಮಗೆ ಬೇಡ ಅಂದದ್ದನ್ನು ನಾನೇ ಮಾಡಿದೆ, ಟೀಮ್ ಹೋಯ್ತು. ಆದ್ರೆ ಒಂದು ಬೈಗುಳ ಆದ್ರೂ ಕೊಡ್ಬಾರ್ದಿತ್ತಾ ಮಾರಾಯ್ರೆ? ಒಂದು ಮಾತಾಡ್ಲಿಲ್ಲ ನೀವು. ಅವತ್ತಿಂದ ನನಗೆ ನಿದ್ದೆ ಇಲ್ಲ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಕೋಚ್" ಎಂದೆ, "ನೀವೇ ಅಲ್ವಾ ಬಾಯಿ ಬಂದ್ ಅಂದಿದ್ದು?"

ಅವರು ನನ್ನನ್ನೇ ನೋಡಿದರು. "ಅದಕ್ಕಾ?"

"ಅದಕ್ಕೇ."

"ಸಿಟ್ಟು ಇರ್ಲಿಲ್ವಾ?"

"ಇರ್ಲಿಲ್ಲ ಕೋಚ್" ಎಂದ ಪ್ರವೀಣ. ಅವನ ಕಣ್ಣಲ್ಲಿ ನೀರಿತ್ತು. "ನೀವು ಬೊಬ್ಬೆ ಹಾಕಿದ್ದು ನನಗೆ ಖುಷಿ ಆಯ್ತು. ಅದಕ್ಕೇ ತಿರುಗಿ ನೋಡಿದ್ದು."

ಕೋಚ್ ಕಣ್ಣೊರೆಸಿಕೊಂಡು, ಜೇಬಿನಿಂದ ಸೀಟಿ ತೆಗೆದು ನನ್ನ ಕೈಯಲ್ಲಿಟ್ಟರು. "ಹಾಗಾದ್ರೆ ಕೈ ಮುಂದೆ ತೆಗೀರಿ" ಎಂದರು. "ನಾನು ಹೋಗ್ತಾ ಇದ್ದೇನೆ. ಈಗಲಾದ್ರೂ ಬೊಬ್ಬೆ ಹಾಕಿ ಮಾರಾಯ್ರೆ!"

ತಿರುಗಿ ಹೋಗಿ ಟ್ರಾಲಿ ಹಿಡಿದರು. ಅದರ ಒಂದು ಚಕ್ರ ಸರಿಯಿರಲಿಲ್ಲ, ಎಡಕ್ಕೆ ಎಳೆಯುತ್ತಿತ್ತು. ಮೊದಲು ಫೆಲಿಕ್ಸ್ ಕೊಂಕಣಿಯಲ್ಲಿ ಬಲಕ್ಕೆ ಎಂದು ಕೂಗಿದ. ಹಮೀದ್ ಬ್ಯಾರಿಯಲ್ಲಿ ಅಲ್ಲ, ಎಡಕ್ಕೆ ಎಂದ. ಪ್ರವೀಣ ತುಳುವಿನಲ್ಲಿ ನೇರ ಎಂದು ಅರಚಿದ. ನಾನು ಇಡೀ ಸೀಸನ್ನಿನ ದಮ್ಮು ಒಟ್ಟು ಮಾಡಿ, "ಹಿಂದಕ್ಕೆ ಕೋಚ್, ಹಿಂದಕ್ಕೆ ಬನ್ನಿ!" ಎಂದು ಕಿರುಚಿದೆ. ಪೊಲೀಸಿನವನು "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಹೊರಡಿ ಹೊರಡಿ ಅನ್ನುತ್ತಾ ನಮ್ಮ ಕಡೆ ಓಡಿ ಬಂದ. ಕೋಚ್ ತಿರುಗಿ ನೋಡಲಿಲ್ಲ. ಆದರೆ ಒಬ್ಬರ ಮಾತನ್ನೂ ತೆಗೆದುಹಾಕದೆ, ಟ್ರಾಲಿಯನ್ನು ಒಮ್ಮೆ ಬಲಕ್ಕೆ ತಿರುಗಿಸಿ, ಒಮ್ಮೆ ಎಡಕ್ಕೆ ತಿರುಗಿಸಿ, ನೇರ ಹೋದ ಹಾಗೆ ಮಾಡಿ, ಬಾಗಿಲ ಹತ್ತಿರ ಬಂದಾಗ ನನಗೋಸ್ಕರ ಎರಡು ಹೆಜ್ಜೆ ಹಿಂದಕ್ಕೂ ಬಂದು, ಆಮೇಲೆ ಒಳಗೆ ಹೋದರು.